ಕಚಗುಳಿ: ಒಂದು ಪದದ ಅರ್ಥವೂ ಮೂಲವೂ

ಭಾಷೆಯಲ್ಲಿ ದೊಡ್ಡ ಪದಗಳಿಗೆ ದೊಡ್ಡ ಮರ್ಯಾದೆ ಸಲ್ಲುವುದು ವಾಡಿಕೆ. ಧರ್ಮ, ಸತ್ಯ, ವಿದ್ಯೆ, ವಿನಯ ಮೊದಲಾದ ಶಬ್ದಗಳನ್ನು ಕುರಿತು ವಿದ್ವಾಂಸರು ಗ್ರಂಥಗಳನ್ನೇ ರಚಿಸಿದ್ದಾರೆ. ಆದರೆ ಅಕ್ಷರ ಕಲಿಯುವುದಕ್ಕೆ ಮುಂಚೆಯೇ, ತೊಟ್ಟಿಲಲ್ಲಿರುವಾಗಲೇ, ಪ್ರತಿಯೊಬ್ಬರೂ ತಮ್ಮ ಮೈಮೇಲೆಯೇ ಕಲಿತುಕೊಳ್ಳುವ ಕೆಲವು ಸಣ್ಣ ಪದಗಳುಂಟು. ಅವುಗಳ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ‘ಕಚಗುಳಿ’ ಅಂಥದೊಂದು ಪದ. ಈ ಪದದ ಅರ್ಥವೇನು, ಅದರ ರಚನೆ ಎಂಥದು, ಅದರ ನೆಂಟರಿಷ್ಟರು ಯಾರು, ಮೈಯ ಒಂದು ಅನುಭವಕ್ಕೆ ಹುಟ್ಟಿದ ಹೆಸರು ಮನಸ್ಸಿನ ಆನಂದಕ್ಕೂ ಹೆಸರಾದುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳಿಗೆ ಸುಲಭವಾಗುವ ರೀತಿಯಲ್ಲಿ ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅರ್ಥದ ವಿಸ್ತಾರ

ಕಂಕುಳು, ಪಕ್ಕೆ, ಅಂಗಾಲು, ಕತ್ತು ಮೊದಲಾದ ಮೃದುವಾದ ಎಡೆಗಳಲ್ಲಿ ಬೆರಳಾಡಿಸಿದಾಗ ತಡೆಯಲಾರದೆ ನಗೆ ಉಕ್ಕುತ್ತದೆ, ಮೈ ಮುದುಡುತ್ತದೆ. ಆ ಕ್ರಿಯೆಗೂ ಆ ಅನುಭವಕ್ಕೂ ಕಚಗುಳಿಯೆಂದು ಹೆಸರು. ಇದು ಪದದ ಮೊದಲನೆಯ ಅರ್ಥ. ಇದರಿಂದ ಎರಡನೆಯ ಅರ್ಥವೊಂದು ಕವಲೊಡೆದಿದೆ. ತಂಗಾಳಿ ಕೆನ್ನೆಗೆ ಕಚಗುಳಿಯಿಟ್ಟಿತು ಎಂದಾಗ ಅಲ್ಲಿ ಬೆರಳಿಲ್ಲ. ಹಿತವಾದ ಸ್ಪರ್ಶ ಮಾತ್ರ ಉಂಟು. ಒಬ್ಬ ಲೇಖಕರ ಹಾಸ್ಯ ಮನಸ್ಸಿಗೆ ಕಚಗುಳಿಯಿಡುತ್ತದೆ ಎಂದಾಗ ಸ್ಪರ್ಶವೂ ಇಲ್ಲ, ಉಳಿದುದು ಉಲ್ಲಾಸವೊಂದೇ. ಹೀಗೆ ಚರ್ಮದ ಮೇಲೆ ಹುಟ್ಟಿದ ಪದವು ಮೆಲ್ಲಮೆಲ್ಲನೆ ಒಳಕ್ಕೆ ಇಳಿದು ಮನಸ್ಸಿನ ಪದವಾಯಿತು. ಅರ್ಥವಿಸ್ತಾರವೆಂದು ಭಾಷಾಶಾಸ್ತ್ರಜ್ಞರು ಕರೆಯುವ ವ್ಯಾಪಾರಕ್ಕೆ ಇದು ಒಳ್ಳೆಯ ನಿದರ್ಶನ.

ಈ ಪದದೊಡನೆ ಬರುವ ಕ್ರಿಯಾಪದವನ್ನೂ ಗಮನಿಸಬೇಕು. ನಾವು ಸಾಮಾನ್ಯವಾಗಿ ಕಚಗುಳಿಯನ್ನು ‘ಇಡುತ್ತೇವೆ’. ಹಣೆಗೆ ಬೊಟ್ಟಿಡುತ್ತೇವೆ, ಮಗುವಿಗೆ ಮುತ್ತಿಡುತ್ತೇವೆ, ಹೆಸರಿಡುತ್ತೇವೆ, ಹಾಗೆಯೇ ಕಚಗುಳಿಯಿಡುತ್ತೇವೆ. ಇವೆಲ್ಲವುಗಳಲ್ಲಿಯೂ ಕೊಡುವವರೊಬ್ಬರು, ಪಡೆಯುವವರೊಬ್ಬರು ಇದ್ದಾರೆ. ಪಡೆಯುವವರು ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾರೆ: ‘ಮಗುವಿಗೆ’, ‘ತಂಗಿಗೆ’, ‘ಮನಸ್ಸಿಗೆ’. ಎಂದರೆ, ಕಚಗುಳಿ ಎಂಬ ಪದದೊಳಗೆ ವ್ಯಾಕರಣವೇ ಇಬ್ಬರನ್ನು ಕೂಡಿಸಿದೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ವಿಜ್ಞಾನವೂ ಇದನ್ನೇ ಹೇಳುವುದನ್ನು ಕಾಣುತ್ತೇವೆ.

ಪದದ ರಚನೆ

ನಿಘಂಟುಗಳಲ್ಲಿ ‘ಕಚಕುಳಿ’, ‘ಕಚಗುಳಿ’ ಎಂಬ ಎರಡು ರೂಪಗಳೂ ದೊರೆಯುತ್ತವೆ. ಎರಡನೆಯದು ಮೊದಲನೆಯದರಿಂದ ಹೇಗೆ ಬಂದಿತೆಂಬುದು ಪ್ರೌಢಶಾಲೆಯ ವಿದ್ಯಾರ್ಥಿಗೆ ಕಷ್ಟವಾಗಬಾರದು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಾಗ ಉತ್ತರಪದದ ಮೊದಲ ಕಕಾರವು ಗಕಾರವಾಗುತ್ತದೆ. ಇದೇ ಆದೇಶ ಸಂಧಿ. ಅದೇ ನಿಯಮದಂತೆ ‘ಕಚ’ ಎಂಬುದರ ಮುಂದೆ ‘ಕುಳಿ’ ಬಂದು ‘ಕಚಗುಳಿ’ಯಾಗಿದೆ. ಆದುದರಿಂದ ಈ ಪದದಲ್ಲಿ ಎರಡು ಅಂಗಗಳಿವೆ ಎಂಬುದನ್ನು ಸಂಧಿಯೇ ಸೂಚಿಸುತ್ತದೆ.

ಹಾಗಾದರೆ ಮೊದಲನೆಯ ಅಂಗವಾದ ‘ಕಚ’ ಎಂದರೇನು? ಸಂಸ್ಕೃತದಲ್ಲಿ ಕಚವೆಂದರೆ ಕೂದಲು, ಕನ್ನಡದಲ್ಲಿ ಕುಳಿಯೆಂದರೆ ತಗ್ಗು. ಕೂದಲಿರುವ ತಗ್ಗು ಕಂಕುಳು. ಆದುದರಿಂದ ಕಚಗುಳಿ ಎಂದರೆ ಕಂಕುಳಿನ ಸ್ಪರ್ಶ ಎಂದು ಯಾರಾದರೂ ಹೇಳಿದರೆ ಅದು ಕೇಳುವುದಕ್ಕೆ ಬಹಳ ಸೊಗಸಾಗಿರುತ್ತದೆ. ಆದರೆ ಸೊಗಸು ಬೇರೆ, ಪ್ರಮಾಣ ಬೇರೆ. ಈ ವಾದಕ್ಕೆ ಮೂರು ಅಡ್ಡಿಗಳಿವೆ. ಮೊದಲನೆಯದಾಗಿ, ಸಂಸ್ಕೃತದ ಕಚ ಶಬ್ದವು ಪ್ರಧಾನವಾಗಿ ತಲೆಗೂದಲಿಗೆ ಸಲ್ಲುವ ಮಾತು. ಕಚಗುಳಿಗೂ ತಲೆಗೂದಲಿಗೂ ಸಂಬಂಧವಿಲ್ಲ. ಎರಡನೆಯದಾಗಿ, ಸಂಸ್ಕೃತ ಪದವನ್ನು ಅಚ್ಚಗನ್ನಡ ಪದದೊಡನೆ ಸಮಾಸ ಮಾಡುವುದನ್ನು ನಮ್ಮ ವೈಯಾಕರಣರು ಅರಿಸಮಾಸವೆಂದು ಕರೆದು ದೋಷವೆಂದು ಎಣಿಸಿದ್ದಾರೆ. ಪೂರ್ವಪ್ರಯೋಗವಿರುವ ಕೆಲವೆಡೆ ಮಾತ್ರ ಅದನ್ನು ಒಪ್ಪಿದ್ದಾರೆ. ತೊಟ್ಟಿಲ ಬಳಿ ಹುಟ್ಟಿದ ಮನೆಮಾತೊಂದು ಅಂಥ ಪಂಡಿತರ ಸಮಾಸವಾಗಿರುವ ಸಂಭವ ಕಡಿಮೆ. ಮೂರನೆಯದು ಎಲ್ಲಕ್ಕಿಂತ ಬಲವಾದುದು. ಕನ್ನಡದಲ್ಲಿ ಇದೇ ಅರ್ಥದಲ್ಲಿ ‘ಚಕ್ಕಳಗುಳಿ’ ಎಂಬ ಇನ್ನೊಂದು ರೂಪವೂ ಉಂಟು. ಅಲ್ಲಿ ‘ಗುಳಿ’ ಉಳಿದಿದೆ, ‘ಕಚ’ ಮಾಯವಾಗಿ ಅದರ ಸ್ಥಾನದಲ್ಲಿ ಬೇರೊಂದು ಧ್ವನಿ ನಿಂತಿದೆ. ಕಚ ಎಂಬುದು ಕೂದಲೆಂಬ ಅರ್ಥವುಳ್ಳ ಪದವಾಗಿದ್ದ ಪಕ್ಷದಲ್ಲಿ ಹೀಗೆ ಸುಲಭವಾಗಿ ಇನ್ನೊಂದಕ್ಕೆ ಎಡೆಗೊಡುತ್ತಿರಲಿಲ್ಲ.

ಆದಕಾರಣ ‘ಕಚ’ ಎಂಬುದನ್ನು ಅನುಕರಣ ಶಬ್ದಗಳ ಸಾಲಿಗೆ ಸೇರಿಸುವುದೇ ಯುಕ್ತ. ಕನ್ನಡಿಗರ ನಾಲಗೆ ಅನುಕರಣ ಶಬ್ದಗಳಲ್ಲಿ ಬಹಳ ಸಮೃದ್ಧವಾದುದು. ಅನುಕರಣವೆಂದರೆ ಶಬ್ದದ ಅನುಕರಣ ಮಾತ್ರವೆಂದು ತಿಳಿಯಬಾರದು. ಕಿಚಕಿಚ ಎಂಬುದು ಕಿವಿಗೆ ಸಂಬಂಧಿಸಿದ್ದು ನಿಜ. ಆದರೆ ಥಳಥಳ ಎಂಬುದು ಬೆಳಕಿಗೆ, ಪಿಳಿಪಿಳಿ ಎಂಬುದು ರೆಪ್ಪೆಯ ಬಡಿತಕ್ಕೆ, ಘಮಘಮ ಎಂಬುದು ಪರಿಮಳಕ್ಕೆ, ಚುರುಚುರು ಎಂಬುದು ಉರಿಗೆ, ಜುಮ್ಮೆನ್ನುವುದು ಮೈಯ ಕಂಪನಕ್ಕೆ ಸಂಬಂಧಿಸಿದವು. ಇವುಗಳಲ್ಲಿ ಯಾವ ಸದ್ದೂ ಇಲ್ಲ; ಇಂದ್ರಿಯದ ಅನುಭವಕ್ಕೆ ನಾಲಗೆ ಕೊಟ್ಟ ರೂಪವಿದೆ. ದ್ರಾವಿಡ ಭಾಷೆಗಳ ಮಹಾವಿದ್ವಾಂಸರಾದ ಎಂ. ಬಿ. ಎಮಿನೋ ಅವರು 1969ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಇಂಥ ಪದಗಳು ದ್ರಾವಿಡ ಮತ್ತು ಆರ್ಯ ಭಾಷೆಗಳೆರಡರಲ್ಲಿಯೂ ಹರಡಿಕೊಂಡು ಭಾರತವನ್ನು ಒಂದೇ ಭಾಷಾವಲಯವಾಗಿ ಬೆಸೆದಿವೆ ಎಂಬ ಅಂಶವನ್ನು ಪ್ರತಿಪಾದಿಸಿದರು. ಕಚಗುಳಿ ಆ ವಲಯದ ಒಂದು ಪುಟ್ಟ ಪ್ರಜೆ.

ನೆರೆಹೊರೆಯ ನೆಂಟರು

ಈ ಮಾತನ್ನು ಪರೀಕ್ಷಿಸಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಕೈಗಾರಿಕಾ ಪ್ರದೇಶಗಳ ಯಾವುದಾದರೂ ಶಾಲೆಯ ಒಂದು ಬೆಂಚು ಸಾಕು. ಪೀಣ್ಯದಲ್ಲಿ ಯಂತ್ರಾಗಾರಗಳು ನೆಲೆಗೊಂಡು ದಶಕಗಳಾಗಿವೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಬಿದ್ದಿತು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿನೆಲೆಯಾಗಿ ಆರಂಭವಾದ ವೈಟ್‌ಫೀಲ್ಡ್ ಇಂದು ಗಣಕಯಂತ್ರೋದ್ಯಮದ ಕೇಂದ್ರವಾಗಿದೆ. ಈ ಮೂರು ಕಡೆಗೂ ಕರ್ನಾಟಕದ ಜಿಲ್ಲೆಗಳಿಂದಲ್ಲದೆ ದೇಶದ ಎಲ್ಲ ದಿಕ್ಕುಗಳಿಂದಲೂ ಜನರು ಬಂದು ನೆಲೆಸಿದ್ದಾರೆ. ಒಂದೇ ಬೆಂಚಿನ ಮೇಲೆ ಕುಳಿತ ಐವರು ಮಕ್ಕಳ ಮನೆಮಾತು ಐದು ಬಗೆಯದಾಗಿರುವುದು ಇಲ್ಲಿ ಅಪೂರ್ವವೇನಲ್ಲ.

ಆ ಮಕ್ಕಳನ್ನು ಕೇಳಿದರೆ ತಮಿಳಿನ ಮಗು ‘ಕಿಚ್ಚುಕಿಚ್ಚು’ ಎನ್ನುತ್ತದೆ. ತೆಲುಗಿನ ಮಗು ‘ಚಕ್ಕಿಲಿಗಿಂತ’ ಎಂದೋ ‘ಕಿತಕಿತಲು’ ಎಂದೋ ಹೇಳುತ್ತದೆ. ಮಲಯಾಳದ ಮಗು ‘ಇಕ್ಕಿಳಿ’ ಎನ್ನುತ್ತದೆ. ಹಿಂದಿಯ ಮಗುವಿಗೆ ಅದು ‘ಗುದಗುದಿ’, ಮರಾಠಿಯ ಮಗುವಿಗೆ ‘ಗುದಗುಲ್ಯಾ’, ಬಂಗಾಳಿ ಮಗುವಿಗೆ ‘ಕಾತುಕುತು’. ಪದಗಳು ಬೇರೆ ಬೇರೆಯಾದರೂ ಅವುಗಳ ಮೈಕಟ್ಟು ಒಂದೇ ತೆರನಾಗಿದೆ. ಹೆಚ್ಚಿನವುಗಳಲ್ಲಿ ಒಂದು ಧ್ವನಿ ಇಮ್ಮಡಿಯಾಗಿ ಬರುತ್ತದೆ. ಕ, ಗ, ಚ, ತ, ದ ಮೊದಲಾದ ಚುಟುಕು ವ್ಯಂಜನಗಳು ಬೆರಳುಗಳ ಹಾಗೆ ಬೇಗಬೇಗನೆ ಒಂದರ ಹಿಂದೊಂದು ಬಡಿಯುತ್ತವೆ. ತೆಲುಗಿನ ‘ಚಕ್ಕಿಲಿಗಿಂತ’ಕ್ಕೂ ನಮ್ಮ ‘ಚಕ್ಕಳಗುಳಿ’ಗೂ ಇರುವ ಹೋಲಿಕೆಯಂತೂ ಕಿವಿಗೇ ತಿಳಿಯುವಂತಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹೋಲಿಕೆಯೆಲ್ಲವೂ ರಕ್ತಸಂಬಂಧವಲ್ಲ. ಜರ್ಮನ್ ಭಾಷೆಯಲ್ಲಿ ಕಚಗುಳಿಯಿಡುವುದಕ್ಕೆ ‘ಕಿಟ್ಸೆಲ್ನ್’ ಎನ್ನುತ್ತಾರೆ. ಪ್ರಾಚೀನ ನಾರ್ಸ್ ಭಾಷೆಯಲ್ಲಿ ‘ಕಿಟ್ಲ’ ಎಂದಿತ್ತು. ತೆಲುಗಿನ ‘ಕಿತಕಿತ’ದೊಡನೆ ಇವುಗಳನ್ನು ಇರಿಸಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಈ ಭಾಷೆಗಳ ಕುಲ ಬೇರೆ, ಚರಿತ್ರೆ ಬೇರೆ. ಒಂದೇ ಅನುಭವವನ್ನು ಅನುಕರಿಸಲು ಹೊರಟ ನಾಲಗೆಗಳು ಬೇರೆ ಬೇರೆ ದೇಶಗಳಲ್ಲಿ ಒಂದೇ ಬಗೆಯ ಧ್ವನಿಗಳನ್ನು ಆರಿಸಿಕೊಂಡಿವೆ, ಅಷ್ಟೆ. ಪದಮೂಲವನ್ನು ಅರಸುವವನು ಮೊದಲು ತನ್ನ ಭಾಷೆಯ ರೂಪಗಳನ್ನು, ಅನಂತರ ಸೋದರ ಭಾಷೆಗಳ ರೂಪಗಳನ್ನು, ಕೊನೆಗೆ ದೂರದ ಭಾಷೆಗಳನ್ನು ನೋಡಬೇಕು. ಈ ಕ್ರಮ ತಪ್ಪಿದರೆ ಶಾಸ್ತ್ರ ಹೋಗಿ ವಿನೋದ ಮಾತ್ರ ಉಳಿಯುತ್ತದೆ.

ಅರ್ಥದ ಕಡೆಯಿಂದ ನೋಡಿದರೂ ಈ ನೆಂಟರು ನಮಗೆ ಪಾಠ ಹೇಳುತ್ತಾರೆ. ಹಿಂದಿಯಲ್ಲಿ ಮನಸ್ಸಿನಲ್ಲಿ ಗುದಗುದಿಯಾಗುವುದೆಂದರೆ ಒಳಗೊಳಗೇ ಹಿಗ್ಗುವುದು. ತಮಿಳಿನ ‘ಕೂಚ್ಚಂ’ ಎಂಬ ಪದಕ್ಕೆ ಕಚಗುಳಿಯ ಅಳುಕು ಎಂಬ ಅರ್ಥವೂ ಉಂಟು, ನಾಚಿಕೆ ಎಂಬ ಅರ್ಥವೂ ಉಂಟು. ಮೈ ಮುದುಡುವ ಒಂದೇ ಕ್ರಿಯೆಯಿಂದ ಒಂದು ಭಾಷೆ ಹಿಗ್ಗನ್ನು ಆರಿಸಿಕೊಂಡಿತು, ಇನ್ನೊಂದು ಸಂಕೋಚವನ್ನು ಆರಿಸಿಕೊಂಡಿತು. ಎರಡೂ ನಿಜವೇ.

ನವಿರು, ಪುಳಕ, ಹರ್ಷ

ಮೈಯ ಅನುಭವ ಮನಸ್ಸಿನ ಆನಂದಕ್ಕೆ ಹೆಸರಾದುದು ಕಚಗುಳಿಯೊಂದರ ಕಥೆಯಲ್ಲ. ಕನ್ನಡದಲ್ಲಿ ‘ನವಿರು’ ಎಂದರೆ ಮೈಗೂದಲು. ಆನಂದದಿಂದಲೋ ವಿಸ್ಮಯದಿಂದಲೋ ಅದು ನಿಮಿರುವುದನ್ನು ‘ಮೈನವಿರೇಳು’ ಎನ್ನುತ್ತೇವೆ. ನವಿರಾದುದು ಎಂದರೆ ಸೂಕ್ಷ್ಮವಾದುದು, ಮೃದುವಾದುದು. ಅದರಿಂದಲೇ ‘ನವಿರು ಹಾಸ್ಯ’ ಎಂಬ ಸುಂದರವಾದ ಮಾತು ನಮಗೆ ದೊರೆತಿದೆ. ಸಂಸ್ಕೃತದ ಪುಳಕ, ರೋಮಾಂಚ ಎಂಬ ಶಬ್ದಗಳೂ ಇದೇ ಅನುಭವವನ್ನು ಹೇಳುತ್ತವೆ. ಹರಿಹರನ ರಗಳೆಗಳನ್ನು ಓದಿದವರಿಗೆ ಭಕ್ತಿಯ ಉತ್ಕರ್ಷವು ಮೈಮೇಲೆ ಹೇಗೆ ತೋರಿಕೊಳ್ಳುತ್ತದೆಂಬುದು ಚೆನ್ನಾಗಿ ತಿಳಿದಿದೆ.

‘ಹರ್ಷ’ ಎಂಬ ಶಬ್ದದ ಕಥೆ ಇನ್ನೂ ಸ್ವಾರಸ್ಯವಾದುದು. ಇಂದು ನಾವು ಅದನ್ನು ಸಂತೋಷವೆಂಬ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಅದರ ಮೂಲವಾದ ‘ಹೃಷ್’ ಧಾತುವಿಗೆ ಕೂದಲು ನಿಮಿರುವುದೆಂಬ ಅರ್ಥವೂ ಇದ್ದಿತು. ಪಾಣಿನಿಯು ಅಷ್ಟಾಧ್ಯಾಯಿಯ ಏಳನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ರೋಮಗಳ ವಿಷಯದಲ್ಲಿ ಈ ಧಾತುವನ್ನು ಬಳಸುವಾಗ ‘ಹೃಷ್ಟ’, ‘ಹೃಷಿತ’ ಎಂಬೆರಡು ರೂಪಗಳೂ ಸಾಧುವೆಂದು ಪ್ರತ್ಯೇಕವಾಗಿ ವಿಧಿಸಿದ್ದಾನೆ. ಲ್ಯಾಟಿನ್ ಭಾಷೆಯಲ್ಲಿ ಇದೇ ಮೂಲದಿಂದ ಬಂದ ಧಾತುವೊಂದುಂಟು. ಅದಕ್ಕೂ ಕೂದಲು ನಿಮಿರುವುದೆಂದೇ ಅರ್ಥ. ಆದರೆ ಅಲ್ಲಿ ಅದು ಭಯದ ಕಡೆಗೆ ತಿರುಗಿತು. ಇಂಗ್ಲಿಷಿನಲ್ಲಿ ಭೀತಿಯನ್ನು ಹೇಳುವ ‘ಹಾರರ್’ ಎಂಬ ಪದ ಅದರ ಸಂತಾನ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಭಾರತದಲ್ಲಿ ಹರ್ಷನಾದನು, ಇನ್ನೊಬ್ಬನು ಯುರೋಪಿನಲ್ಲಿ ಹಾರರ್ ಆದನು.

ನಮ್ಮ ಗ್ರಂಥಗಳಲ್ಲಿಯೂ ಈ ಇಬ್ಬಗೆ ಉಳಿದಿದೆ. ಭಗವದ್ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನಿಗಾಗುವ ರೋಮಹರ್ಷ ವಿಷಾದದಿಂದ ಹುಟ್ಟಿದ್ದು. ಹದಿನೆಂಟನೆಯ ಅಧ್ಯಾಯದ ಕೊನೆಯಲ್ಲಿ ಸಂಜಯನು ಹೇಳುವ ರೋಮಹರ್ಷಣ ವಿಸ್ಮಯಾನಂದಗಳಿಂದ ಹುಟ್ಟಿದ್ದು. ಭರತನು ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳಲ್ಲೊಂದಾಗಿ ರೋಮಾಂಚವನ್ನು ಎಣಿಸಿ, ಸ್ಪರ್ಶ, ಭಯ, ಶೀತ, ಹರ್ಷ, ಕ್ರೋಧ, ರೋಗ ಇವು ಅದಕ್ಕೆ ಕಾರಣಗಳೆಂದು ಹೇಳಿದ್ದಾನೆ. ಕಾರಣಗಳು ಆರು, ಕಾರ್ಯ ಒಂದೇ. ಮೈಗೆ ಹಿಗ್ಗಿಗೂ ಭಯಕ್ಕೂ ನಡುವಣ ಗಡಿ ಬಹಳ ತೆಳುವಾದುದೆಂಬುದನ್ನು ಪದಗಳೂ ಶಾಸ್ತ್ರವೂ ಒಮ್ಮತದಿಂದ ಸಾರುತ್ತವೆ.

ವಿಜ್ಞಾನದ ಸಾಕ್ಷ್ಯ

ತನಗೆ ತಾನೇ ಕಚಗುಳಿಯಿಟ್ಟುಕೊಂಡು ಯಾರೂ ನಗಲಾರರು. ಇದು ಎಲ್ಲರೂ ಬಲ್ಲ ಸಂಗತಿ. ಕಾರಣವನ್ನು ಬಲ್ಲವರು ವಿರಳ. 1897ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಅಲಿನ್ ಎಂಬ ವಿದ್ವಾಂಸರು ಕಚಗುಳಿಯಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಇರುವೆ ಹರಿದಂತೆ ಅಥವಾ ಗರಿ ಸೋಕಿದಂತೆ ಜುಮ್ಮೆನ್ನುವುದು ಒಂದು ಬಗೆ. ಪಕ್ಕೆಯಲ್ಲಿ ಬೆರಳಾಡಿಸಿದಾಗ ನಗೆ ಉಕ್ಕುವುದು ಮತ್ತೊಂದು ಬಗೆ. ಮೊದಲನೆಯದನ್ನು ನಮಗೆ ನಾವೇ ಉಂಟುಮಾಡಿಕೊಳ್ಳಬಹುದು. ಎರಡನೆಯದಕ್ಕೆ ಇನ್ನೊಬ್ಬರ ಕೈ ಬೇಕು.

1998ರಲ್ಲಿ ಲಂಡನ್ನಿನ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಅವರ ಸಹೋದ್ಯೋಗಿಗಳು ಮಿದುಳಿನ ಚಿತ್ರಗಳ ನೆರವಿನಿಂದ ಇದರ ಕಾರಣವನ್ನು ವಿವರಿಸಿದರು. ನಮ್ಮ ಕೈ ಚಲಿಸುವಾಗ ಆ ಚಲನೆಯಿಂದ ಯಾವ ಸ್ಪರ್ಶ ಉಂಟಾಗಬಹುದೆಂಬುದನ್ನು ಮಿದುಳು ಮುಂಚಿತವಾಗಿಯೇ ಲೆಕ್ಕಹಾಕುತ್ತದೆ. ಅನುಮಸ್ತಿಷ್ಕವೆಂಬ ಭಾಗಕ್ಕೆ ಇದರಲ್ಲಿ ಮುಖ್ಯ ಪಾತ್ರವುಂಟು. ನಿರೀಕ್ಷಿತವಾದ ಸ್ಪರ್ಶವನ್ನು ಮಿದುಳು ತಗ್ಗಿಸಿಬಿಡುವುದರಿಂದ ಅದು ಕಚಗುಳಿಯಾಗುವುದಿಲ್ಲ. ಮರುವರ್ಷ ಅವರೇ ಒಂದು ಯಂತ್ರದ ತೋಳಿನ ಮೂಲಕ ಪ್ರಯೋಗ ನಡೆಸಿದರು. ಒಂದು ಕೈಯಿಂದ ಯಂತ್ರವನ್ನು ನಡೆಸಿದರೆ ಅದು ಇನ್ನೊಂದು ಅಂಗೈಯನ್ನು ಸವರುತ್ತಿತ್ತು. ಚಲನೆಗೂ ಸ್ಪರ್ಶಕ್ಕೂ ನಡುವೆ ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ವಿಳಂಬವನ್ನು ಸೇರಿಸಿದೊಡನೆ, ತನ್ನ ಕೈಯೇ ನಡೆಸಿದ ಸ್ಪರ್ಶವೂ ಹೆಚ್ಚು ಕಚಗುಳಿಯಾಗಿ ತೋರಿತು. ಲೆಕ್ಕ ತಪ್ಪಿದೆಡೆಯಲ್ಲಿ ನಗೆ ಹುಟ್ಟುತ್ತದೆ ಎಂದಾಯಿತು. ಕಚಗುಳಿಯನ್ನು ಇನ್ನೊಬ್ಬರಿಗೆ ‘ಇಡುವ’ ವಸ್ತುವೆಂದು ಗುರುತಿಸಿದ ಕನ್ನಡ ವ್ಯಾಕರಣದ ಜಾಣ್ಮೆಗೆ ಪ್ರಯೋಗಶಾಲೆಯ ಮುದ್ರೆ ಹೀಗೆ ಬಿದ್ದಿತು.

ಆದರೆ ಇನ್ನೊಬ್ಬರ ಕೈ ಇದ್ದರೆ ಸಾಲದು. ಚಾರ್ಲ್ಸ್ ಡಾರ್ವಿನ್ 1872ರ ತಮ್ಮ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾರೆ. ಅಪರಿಚಿತನೊಬ್ಬನು ಬಂದು ಕಚಗುಳಿಯಿಟ್ಟರೆ ಮಗು ನಗುವುದಿಲ್ಲ, ಹೆದರಿ ಚೀರುತ್ತದೆ. ಅದೇ ಬೆರಳಾಟ ತಾಯಿಯದಾದರೆ ಕೇಕೆ ಹಾಕುತ್ತದೆ. ಸ್ಪರ್ಶ ಒಂದೇ ಆದರೂ ನಂಬಿಕೆ ಬೇರೆಯಾದುದರಿಂದ ಫಲ ಬೇರೆಯಾಯಿತು. ಹರ್ಷಕ್ಕೂ ಹಾರರ್‌ಗೂ ನಡುವಣ ಗಡಿರೇಖೆಯನ್ನು ಎಳೆಯುವುದು ವಿಶ್ವಾಸವೇ.

ಹಾಸ್ಯಕ್ಕೊಂದು ಅಳತೆಗೋಲು

ಇದರಿಂದ ಸಾಹಿತ್ಯಕ್ಕೂ ಬಾಳಿಗೂ ಒಂದು ಅಳತೆಗೋಲು ದೊರೆಯುತ್ತದೆ. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಿಂದ ಬರೆದು, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ, ಕಾಲು ಶತಮಾನದಷ್ಟು ಕಾಲ ಕನ್ನಡಿಗರಿಗೆ ಕಚಗುಳಿಯಿಟ್ಟರು. ಓದುಗನನ್ನು ಆತ್ಮೀಯನೆಂದು ಭಾವಿಸಿ ಬರೆದ ಹಾಸ್ಯಕ್ಕೆ ಓದುಗನು ನಗುತ್ತಾನೆ. ಅವನ ಕುಲವನ್ನೋ ರೂಪವನ್ನೋ ಮಾತಿನ ಧಾಟಿಯನ್ನೋ ಚುಚ್ಚಿದರೆ ನಗೆ ತುಟಿಯ ಮೇಲಿದ್ದರೂ ಒಳಗೆ ನೋವಿರುತ್ತದೆ. ಕಚಗುಳಿಯಿಂದ ಒದ್ದಾಡುತ್ತಿರುವ ಮಗು ‘ಸಾಕು’ ಎಂದಾಗಲೂ ನಗುತ್ತಲೇ ಇರುತ್ತದೆ. ಆ ನಗೆಯನ್ನು ಒಪ್ಪಿಗೆಯೆಂದು ತಿಳಿಯುವವನು ತಪ್ಪು ತಿಳಿದಂತಾಯಿತು. ‘ಸಾಕು’ ಎಂಬ ಮಾತಿಗೆ ಕೈ ತಕ್ಷಣ ಹಿಂದೆಗೆಯಬೇಕು. ಶಾಲೆಯ ಅಂಗಳದಲ್ಲಿ ಒಬ್ಬನ ಕನ್ನಡದ ಉಚ್ಚಾರಣೆಯನ್ನು ಕಂಡು ಹತ್ತು ಮಂದಿ ನಗುವಾಗ ಆ ಹತ್ತು ಮಂದಿಗೆ ಅದು ಕಚಗುಳಿ, ಆ ಒಬ್ಬನಿಗೆ ಅದು ಮುಳ್ಳು. ನಗೆ ನವಿರಾಗಿರಬೇಕೆಂಬ ನಮ್ಮ ಹಿರಿಯರ ಮಾತಿನ ತಿರುಳು ಇದೇ.

ಪದದ ಬಾಳು

ಪದಗಳು ನಿಘಂಟಿನಲ್ಲಿ ಕಾಪಾಡಲ್ಪಡುತ್ತವೆಯೇ ಹೊರತು ಅಲ್ಲಿ ಬಾಳುವುದಿಲ್ಲ. ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಮಹಾನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟಾಗಲಿ ಜನರ ನಾಲಗೆಯ ಮೇಲಿದ್ದುದನ್ನು ಸಂಗ್ರಹಿಸಿದವು. ನಾಲಗೆಯ ಮೇಲೆ ಉಳಿಸಬೇಕಾದವರು ನಾವು. ನಮ್ಮ ಸುತ್ತಣ ಬಡಾವಣೆಗಳಲ್ಲಿ ರಾತ್ರಿಯ ಪಾಳಿ ಮುಗಿಸಿ ಬರುವ ತಂದೆ, ಬೆಳಗಿನ ಪಾಳಿಗೆ ಹೊರಡುವ ತಾಯಿ, ದೂರದ ಊರಿನಲ್ಲಿ ಉಳಿದ ಅಜ್ಜಿ, ಇದು ಅನೇಕ ಮನೆಗಳ ಸ್ಥಿತಿ. ಇಂಥ ಮನೆಗಳ ಮಕ್ಕಳು ‘ಟಿಕಲ್ ಮಾಡಬೇಡ’ ಎನ್ನುವುದು ಈಗ ಸಾಮಾನ್ಯವಾಗಿದೆ. ಇಂಗ್ಲಿಷ್ ಪದ ಬಂದುದರಿಂದ ನಗೆ ಕೆಡುವುದಿಲ್ಲ. ಆದರೆ ಕಚಗುಳಿ ಎಂಬ ಪದವು ಪರದೆಯಿಂದ ಕಲಿಯುವ ಪದವಲ್ಲ. ತನ್ನವರ ಬೆರಳು, ತನ್ನವರ ದನಿ, ತನ್ನವರ ಬಿಡುವು ಈ ಮೂರೂ ಕೂಡಿದಾಗ ಮಾತ್ರ ಅದು ಮಗುವಿಗೆ ದಕ್ಕುತ್ತದೆ. ಪದ ಹೋದರೆ ಒಂದು ಪದ ಹೋಯಿತೆಂದು ಸುಮ್ಮನಿರಬಹುದು. ಪದದ ಹಿಂದಿನ ಬಿಡುವೂ ಸಲಿಗೆಯೂ ಹೋದರೆ ಅದು ದೊಡ್ಡ ನಷ್ಟ.

ಆದುದರಿಂದ ವಿದ್ಯಾರ್ಥಿಗಳು ಈ ಪಾಠವನ್ನು ಪುಸ್ತಕದಲ್ಲಿ ಬಿಡದೆ ಮನೆಗೆ ಒಯ್ಯಬೇಕು. ನಿಮ್ಮ ಅಜ್ಜಿ ತಾತಂದಿರು ಕಚಗುಳಿಗೆ ಬೇರೆ ಯಾವ ಹೆಸರನ್ನು ಬಳಸುತ್ತಾರೆಂದು ವಿಚಾರಿಸಿ, ಅವರ ಊರಿನ ಹೆಸರಿನೊಡನೆ ಬರೆದಿಡಿ. ನಿಮ್ಮ ಬೆಂಚಿನ ಗೆಳೆಯರ ಮನೆಮಾತಿನ ಪದವನ್ನು ಅವರಿಂದಲೇ ಕೇಳಿ ಕಲಿಯಿರಿ. ನಿಮ್ಮ ಪದವನ್ನು ಅವರಿಗೆ ಕಲಿಸಿರಿ. ಥಳಥಳ, ಜುಮ್ಮೆನ್ನು ಮುಂತಾಗಿ ಸದ್ದಿಲ್ಲದ ಅನುಕರಣ ಪದಗಳನ್ನು ಇಪ್ಪತ್ತರಷ್ಟಾದರೂ ಕಲೆಹಾಕಿ, ಯಾವುದು ಯಾವ ಇಂದ್ರಿಯಕ್ಕೆ ಸೇರಿದ್ದೆಂದು ವಿಂಗಡಿಸಿರಿ. ಮನೆಯಲ್ಲಿ ಎಳೆಯ ತಮ್ಮನೋ ತಂಗಿಯೋ ಇದ್ದರೆ ದಿನಕ್ಕೊಮ್ಮೆ ಹತ್ತಿರ ಕೂಡಿಸಿಕೊಂಡು, ಪದದ ಹೆಸರು ಹೇಳಿ, ಅದರ ಅರ್ಥವನ್ನು ಬೆರಳಿನಿಂದ ತಿಳಿಸಿರಿ. ‘ಸಾಕು’ ಎಂದೊಡನೆ ನಿಲ್ಲಿಸಿರಿ. ಕನ್ನಡದ ಒಂದು ಪದವನ್ನು ಮುಂದಿನ ತಲೆಮಾರಿಗೆ ದಾಟಿಸಲು ಇದಕ್ಕಿಂತ ಸುಲಭವಾದ, ಇದಕ್ಕಿಂತ ಸಂತೋಷಕರವಾದ ಮಾರ್ಗ ಬೇರೊಂದಿಲ್ಲ.